ಸೂಜಿಯೇ ಇಲ್ಲದ ಗಾಡಿಯಲ್ಲಿ ನಾನು ಸೂಜಿ ನೋಡಲಿಲ್ಲವಂತೆ: ಸರ್ವೀಸ್ ಸೆಂಟರ್ ಮ್ಯಾನೇಜರರಿಗೆ ಬಹಿರಂಗ ಪತ್ರ

ಕರಾವಳಿ ಹೆದ್ದಾರಿ ಬದಿಯ ಸರ್ವೀಸ್ ಸೆಂಟರಿನ ವ್ಯವಸ್ಥಾಪಕರಿಗೆ,

ಮಾನ್ಯರೇ, ನಮಸ್ಕಾರ.

ನಿಮ್ಮ ಹೆಸರನ್ನಾಗಲಿ, ಸೆಂಟರಿನ ಹೆಸರನ್ನಾಗಲಿ ಇಲ್ಲಿ ಬರೆಯುತ್ತಿಲ್ಲ. ಓದಿದರೆ ನಿಮಗೆ ಗೊತ್ತಾಗುತ್ತದೆ. ಬೇರೆಯವರಿಗೆ ಗೊತ್ತಾಗುವ ಅಗತ್ಯ ಸದ್ಯಕ್ಕಿಲ್ಲ. ಆಗಸ್ಟ್‌ನಲ್ಲಿ ನಿಮಗೆ ಎರಡು ಇ-ಮೇಲ್ ಹಾಕಿದೆ. ಸೆಪ್ಟೆಂಬರ್‌ನಲ್ಲಿ ರಿಜಿಸ್ಟರ್ಡ್ ಪತ್ರ ಕಳಿಸಿದೆ. ಅದರ ಸ್ವೀಕೃತಿ ಕಾರ್ಡ್ ನಿಮ್ಮ ಸೀಲ್ ಹಾಕಿಸಿಕೊಂಡು ವಾಪಸ್ ಬಂತು. ಉತ್ತರ ಬರಲಿಲ್ಲ. ಈಗ 2024ರ ನವೆಂಬರ್. ಹಾಗಾಗಿ ಈ ಸಲ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ. ವಿಷಯ, ಘಟ್ಟ ಹತ್ತುವಾಗ ಬಿಸಿಯಾಗಿ ಮೂರು ಸಲ ನಿಂತ ನಮ್ಮ ವ್ಯಾನ್ ಮತ್ತು ಅದಕ್ಕೆ ನೀವು ಹಾಕಿದ ಬಿಲ್ಲುಗಳು.

ನಾನು ಉತ್ತರ ಕನ್ನಡ ಜಿಲ್ಲೆಯ ಶಿರಸಿ ತಾಲೂಕಿನವನು. ಅಡಿಕೆ ತೋಟ ಇದೆ. ಮನೆಯಲ್ಲಿ ಅಪ್ಪಯ್ಯ, ಆಯಿ, ನಾವಿಬ್ಬರು, ಎರಡು ಮಕ್ಕಳು, ಜೊತೆಗೆ ಚಿಕ್ಕಪ್ಪ. ಏಳು ಜನಕ್ಕೆ ಏಳು ಸೀಟು ಅಂತ 2021ರ ಮಾರ್ಚ್‌ನಲ್ಲಿ ನಿಮ್ಮಲ್ಲೇ ಆ ವ್ಯಾನ್ ತೆಗೆದುಕೊಂಡೆವು. ಕೈಯಿಂದ ಜಾಸ್ತಿ ದುಡ್ಡು ಕೊಟ್ಟು ವಾರಂಟಿಯನ್ನು ಐದು ವರ್ಷಕ್ಕೆ, ಒಂದು ಲಕ್ಷ ಕಿಲೋಮೀಟರಿಗೆ ಬೆಳೆಸಿಕೊಂಡೆವು. ಹಾಗೆ ಮಾಡಿ ಅಂದವರು ನೀವೇ. ಎಲ್ಲ ಸರ್ವೀಸೂ ನಿಮ್ಮಲ್ಲೇ ಆಗಿದೆ. ಒಂದೂ ತಪ್ಪಿಸಿಲ್ಲ, ಒಂದೂ ತಡ ಮಾಡಿಲ್ಲ. ಪುಸ್ತಕದಲ್ಲಿ ನಿಮ್ಮದೇ ಸೀಲುಗಳಿವೆ.

ಈ ಗಾಡಿ ನಮಗೆ ಯಾಕೆ ಬೇಕು ಅನ್ನೋದನ್ನೂ ಹೇಳಬೇಕು. ಅಪ್ಪಯ್ಯನಿಗೆ ಹೃದಯದ ಆಪರೇಷನ್ ಆಗಿದೆ. ಎರಡು ತಿಂಗಳಿಗೊಮ್ಮೆ ಮಣಿಪಾಲಕ್ಕೆ ಕರೆದುಕೊಂಡು ಹೋಗಬೇಕು. ನಮ್ಮ ಜಿಲ್ಲೆಯವರ ಕತೆ ನಿಮಗೂ ಗೊತ್ತಲ್ಲ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಎಷ್ಟು ವರ್ಷದಿಂದ ಕೂಗುತ್ತಿದ್ದೇವೆ. ದೊಡ್ಡ ಕಾಯಿಲೆ ಬಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾ. ಯಾವ ಕಡೆ ಹೊರಟರೂ ದೂರ. ಹೀಗಾಗಿ ನಮ್ಮ ಕಡೆ ಮನೆಯ ಗಾಡಿ ಅಂದರೆ ಅರ್ಧ ಆಂಬುಲೆನ್ಸ್. ಅದು ದಾರಿಯಲ್ಲಿ ನಿಲ್ಲಬಾರದು.

ನಿಂತಿತು. ಒಂದಲ್ಲ, ಮೂರು ಸಲ.

ಮೊದಲ ಸಲ 2023ರ ನವೆಂಬರ್‌ನಲ್ಲಿ. ಮಣಿಪಾಲದಿಂದ ಬರುತ್ತಾ ಕುಮಟಾ ದಾಟಿ, ಕತಗಾಲದಲ್ಲಿ ಚಾ ಕುಡಿದು ದೇವಿಮನೆ ಘಟ್ಟ ಹತ್ತುತ್ತಿದ್ದೆವು. ರಸ್ತೆ ಅಗಲ ಮಾಡುವ ಕೆಲಸದ ಧೂಳು, ಮುಂದೆ ಲಾರಿ, ಎರಡನೇ ಗೇರಿನಲ್ಲೇ ತೆವಳಬೇಕು. ಕೆಂಪು ದೀಪ ಹತ್ತಿತು. ಹತ್ತಿದ್ದೇ ತಡ, ಗಾಡಿ ಬದಿಗೆ ಹಾಕಿ ಇಂಜಿನ್ ಬಂದ್ ಮಾಡಿದೆ. ಬಾನೆಟ್ ಸಂದಿಯಿಂದ ಹಬೆ ಬರುತ್ತಿತ್ತು. "ತಮಾ, ಕ್ಯಾಪ್ ಮುಟ್ಟಬೇಡ" ಅಂತ ಅಪ್ಪಯ್ಯ ಒಳಗಿಂದಲೇ ಕೂಗಿದ. ಮುಟ್ಟಲಿಲ್ಲ. ಅಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಬೈಕಿನಲ್ಲಿ ಬಂದ ಹುಡುಗನೊಬ್ಬ ಮೇಲೆ ಹೋಗಿ ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದ. ಅಪ್ಪಯ್ಯ, ಆಯಿ ಇಬ್ಬರನ್ನೂ ಶಿರಸಿ ಬಸ್ ಹತ್ತಿಸಿದೆ. ಕಂಡಕ್ಟರ್ ಪುಣ್ಯಾತ್ಮ, ಘಟ್ಟದ ಮಧ್ಯೆಯೇ ನಿಲ್ಲಿಸಿದ. ನಿಮ್ಮ ಟೋಯಿಂಗ್ ಗಾಡಿ ಬಂದಾಗ ನಾಲ್ಕು ತಾಸು ಆಗಿತ್ತು.

ನೀವು ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂದಿರಿ. ಇಂಜಿನ್ನಿನ ಮೇಲಿನ ಹೆಡ್ಡಿಗೂ ಕೆಳಗಿನ ಭಾಗಕ್ಕೂ ನಡುವೆ ಸೋರದಂತೆ ಹಾಕುವ ಪಟ್ಟಿ ಅದು. ಹೆಡ್ ಬಿಚ್ಚಿ, ಲೇತಿಗೆ ಕೊಟ್ಟು ಫೇಸಿಂಗ್, ಅಂದರೆ ಮೈ ಸಮ, ಮಾಡಿಸಿ, ಹೊಸ ಗ್ಯಾಸ್ಕೆಟ್, ಆಯಿಲ್, ಕೂಲೆಂಟ್ ಹಾಕಿದಿರಿ. ಬಿಲ್ 23,460 ರೂಪಾಯಿ. ವಾರಂಟಿ ಇದೆಯಲ್ಲ ಅಂದೆ. ಇಲ್ಲ ಸರ್, ಇದು ನಿಮ್ಮ ಅಲಕ್ಷ್ಯದಿಂದ ಆದದ್ದು, ಅದಕ್ಕೆ ವಾರಂಟಿ ಬರೋದಿಲ್ಲ ಅಂದರು ನಿಮ್ಮ ಸಲಹೆಗಾರರು. ರಿಪೇರಿಯ ವಿವರ ಬರೆಯುವ ಜಾಬ್ ಕಾರ್ಡಿನಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದಿದ್ದರು. ಅವತ್ತು ನಾನು ಅದನ್ನು ಸರಿಯಾಗಿ ಓದಲಿಲ್ಲ, ಅದು ನನ್ನ ತಪ್ಪು. ಮನೆಗೆ ಬಂದ ಮೇಲೆ ಮಗಳು ಓದಿ ಹೇಳಿದಳು. ಬಿಸಿ ತೋರಿಸುವ ಸೂಜಿಯನ್ನು ಗ್ರಾಹಕರು ಗಮನಿಸದೆ ಗಾಡಿ ಓಡಿಸಿದ್ದಾರೆ ಅಂತ ಅದರ ಅರ್ಥ.

ಮಾನ್ಯರೇ, ಈ ಗಾಡಿಗೆ ಆ ಸೂಜಿಯೇ ಇಲ್ಲ. ಇಂಜಿನ್ ತಣ್ಣಗಿದ್ದಾಗ ನೀಲಿ ದೀಪ, ಜಾಸ್ತಿ ಬಿಸಿಯಾದರೆ ಕೆಂಪು ದೀಪ, ಅಷ್ಟೇ. ಮಾರಿದವರು ನೀವು. ಸರ್ವೀಸ್ ಮಾಡಿದವರು ನೀವು. ಇಲ್ಲದ ಸೂಜಿಯನ್ನು ನಾನು ನೋಡಲಿಲ್ಲ ಅಂತ ಬರೆದವರೂ ನೀವು. ಇದನ್ನು ಮೊದಲು ಓದಿದಾಗ ನಗು ಬಂತು. ಆಮೇಲೆ ಒಂದು ಅನುಮಾನ ಶುರುವಾಯಿತು. ಈ ಸಾಲು ಬರೆದವರು ಡ್ರೈವರ್ ಸೀಟಿನಲ್ಲಿ ಒಂದು ಸಲವಾದರೂ ಕೂತಿದ್ದರೇ?

ಎರಡನೇ ಸಲ 2024ರ ಫೆಬ್ರವರಿ ಕೊನೆಗೆ. ಆ ಸಲ ಸಿದ್ದಾಪುರದ ನೆಂಟರ ಮನೆಗೆ ಹೋಗಿ ಬರೋಣ ಅಂತ ಹೊನ್ನಾವರದಿಂದ ಗೇರುಸೊಪ್ಪ ದಾರಿ ಹಿಡಿದಿದ್ದೆವು. ಮಾವಿನಗುಂಡಿ ಇನ್ನೂ ದೂರವಿದ್ದಾಗಲೇ ಮತ್ತೆ ಕೆಂಪು ದೀಪ. ಮತ್ತೆ ಬದಿಗೆ ಹಾಕಿದೆ. ಸದ್ಯ, ಈ ಸಲ ಹೆಡ್ಡಿಗೆ ಏನೂ ಆಗಿರಲಿಲ್ಲ. ಇಂಜಿನ್ನಿನ ನೀರು ತಣ್ಣಗಾಗಿಸುವ ರೇಡಿಯೇಟರ್ ಒಳಗೆ ಕಟ್ಟಿಕೊಂಡಿದೆ, ಬದಲಾಯಿಸಬೇಕು, 12,500 ರೂಪಾಯಿ ಆಗುತ್ತದೆ ಅಂತ ಫೋನಿನಲ್ಲಿ ಹೇಳಿದಿರಿ. ಆಗಲಿ ಅಂದೆ. ಬಿಲ್ ಬಂದದ್ದು 19,870 ರೂಪಾಯಿಗೆ. ವಾಟರ್ ಪಂಪೂ ಹಾಕಿದ್ದೇವೆ ಸರ್, ಹೇಗೂ ಬಿಚ್ಚಿದ್ದೆವಲ್ಲ ಅಂದರು. ಪಂಪಿಗೆ ಏನಾಗಿತ್ತು ಅಂತ ಕೇಳಿದೆ. ಮುಂಜಾಗ್ರತೆಗೆ ಅಂತ ಉತ್ತರ ಬಂತು. ಹಳೆಯ ರೇಡಿಯೇಟರ್, ಹಳೆಯ ಪಂಪ್ ಕೊಡಿ ಅಂದೆ. ಗುಜರಿಗೆ ಹೋಯಿತು ಅಂದರು.

ಆ ರಿಪೇರಿಗೆ ಗಾಡಿ ನಿಮ್ಮ ಅಂಗಳದಲ್ಲಿ ನಾಲ್ಕು ವಾರ ನಿಂತಿತು. ಬಿಡಿಭಾಗ ಬರಬೇಕು ಅಂತ ಕಾರಣ. ಆ ನಾಲ್ಕು ವಾರದಲ್ಲೇ ಶಿರಸಿಯ ಮಾರಿಕಾಂಬಾ ಜಾತ್ರೆ ಬಂತು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ. ಊರಿಗೆಲ್ಲ ನೆಂಟರು, ನಮ್ಮ ಮನೆಗೆ ಹದಿನಾಲ್ಕು ಜನ. ಗಾಡಿ ಇಲ್ಲದೆ ದಿನಕ್ಕೆ ಮೂರು ಟ್ರಿಪ್ ರಿಕ್ಷಾ ಮಾಡಿಸಿದೆ. ಆ ಖರ್ಚನ್ನು ನಿಮ್ಮ ತಲೆಗೆ ಕಟ್ಟುತ್ತಿಲ್ಲ. ಸುಮ್ನೆ ಹೇಳಿದೆ.

ಎರಡೂ ಸಲ ನಿಮ್ಮ ಸಲಹೆಗಾರರಿಗೆ ಒಂದು ಮಾತು ಬಿಡಿಸಿ ಹೇಳಿದ್ದೆ. ಗಾಡಿ ಬಿಸಿಯಾಗೋದು ಘಟ್ಟ ಹತ್ತುವಾಗ ಮಾತ್ರ. ಕುಮಟಾದಿಂದ ಉಡುಪಿವರೆಗೆ ಎಷ್ಟು ಓಡಿಸಿದರೂ ಏನೂ ಆಗೋದಿಲ್ಲ. ಇನ್ನೊಂದು ಮಾತೂ ಹೇಳಿದ್ದೆ, ಅದೂ ಮೊದಲ ಸಲ ಗಾಡಿ ನಿಲ್ಲುವುದಕ್ಕೂ ಎರಡು ತಿಂಗಳು ಮೊದಲು, 2023ರ ಸೆಪ್ಟೆಂಬರ್ ಸರ್ವೀಸಿನಲ್ಲಿ. ಗಾಡಿ ಓಡುವಾಗ ಎಸಿ ಚೆನ್ನಾಗಿದೆ, ನಿಂತ ಕೂಡಲೇ ತಂಪು ಹೋಗುತ್ತದೆ ಅಂತ. ನೀವು ಎಸಿ ಗ್ಯಾಸ್ ತುಂಬಿಸಿ 1,850 ರೂಪಾಯಿ ತೆಗೆದುಕೊಂಡಿರಿ. ಈ ಎರಡೂ ಮಾತು ನೆನಪಿಡಿ, ಮುಂದೆ ಬರುತ್ತವೆ.

ರಿಪೇರಿ ಆದ ಮೇಲೆ ನೀವು ಟೆಸ್ಟ್ ಡ್ರೈವ್ ಮಾಡಿದಿರಿ. ಎಲ್ಲಿ? ನಿಮ್ಮ ಗೇಟಿನ ಮುಂದಿನ ನಾಲ್ಕು ಪಥದ ಹೆದ್ದಾರಿಯಲ್ಲಿ. ಹತ್ತು ಕಿಲೋಮೀಟರ್ ಹೋಗಿ ಬಂದು ಓಕೆ ಅಂತ ಬರೆದಿರಿ. ಎಪ್ಪತ್ತು ಎಂಬತ್ತರ ವೇಗದಲ್ಲಿ ಸಮುದ್ರದ ಗಾಳಿಗೆ ಮುಖ ಕೊಟ್ಟು ಓಡುವ ಗಾಡಿ ಬಿಸಿಯಾಗದೆ ಇರೋದರಲ್ಲಿ ಏನು ಆಶ್ಚರ್ಯ? ಬೇನೆ ಘಟ್ಟದಲ್ಲಿ, ಪರೀಕ್ಷೆ ಬಯಲಿನಲ್ಲಿ.

ಮೂರನೇ ಸಲ 2024ರ ಜೂನ್ ಕೊನೆಯ ವಾರ. ಜೋರು ಮಳೆ, ಮತ್ತೆ ದೇವಿಮನೆ. ತಿರುವಿನಲ್ಲಿ ಲಾರಿಯೊಂದು ಸಿಕ್ಕಿಹಾಕಿಕೊಂಡು ಅರ್ಧ ತಾಸು ನಿಂತು, ತೆವಳಿ, ನಿಂತು ಹೋಗಬೇಕಾಯಿತು. ದೀಪ ಹತ್ತಿದಾಗ ಬದಿಗೆ ಹಾಕಲು ಜಾಗವೇ ಇರಲಿಲ್ಲ. ಒಂದು ಕಡೆ ಗುಡ್ಡದ ಧರೆ, ಇನ್ನೊಂದು ಕಡೆ ಕಣಿವೆ. ಜಾಗ ಸಿಗುವಷ್ಟರಲ್ಲಿ ಹೊಗೆಕೊಳವೆಯಿಂದ ಬಿಳಿ ಹೊಗೆ ಶುರುವಾಗಿತ್ತು. ಗ್ಯಾಸ್ಕೆಟ್ ಮತ್ತೆ ಹೋಗಿತ್ತು.

ಜುಲೈ 2ಕ್ಕೆ ನಿಮ್ಮ ಎಸ್ಟಿಮೇಟ್ ಬಂತು. ಅರ್ಧ ಇಂಜಿನ್, ಅಂದರೆ ಪಿಸ್ಟನ್, ಬೋರು ಇರುವ ಕೆಳಗಿನ ಭಾಗ, ಬದಲಾಯಿಸಬೇಕು, 94,000 ರೂಪಾಯಿ. ನಾನು ಕೇಳಿದ್ದು ಒಂದೇ ಪ್ರಶ್ನೆ. ಇಷ್ಟು ದುಡ್ಡು ಹಾಕಿದ ಮೇಲೆ ಘಟ್ಟದಲ್ಲಿ ಬಿಸಿಯಾಗೋದಿಲ್ಲ ಅಂತ ಬರೆದುಕೊಡುತ್ತೀರಾ? ಹಾಗೆಲ್ಲ ಬರೆದುಕೊಡೋಕೆ ಆಗೋದಿಲ್ಲ ಅಂದಿರಿ. ಹಾಗಾದರೆ ಬೇಡ, ಗಾಡಿ ಒಯ್ಯುತ್ತೇನೆ ಅಂತ 5ನೇ ತಾರೀಕು ಹೇಳಿದೆ. ಆಗ ಗೊತ್ತಾಯಿತು, ನನ್ನನ್ನು ಕೇಳದೆಯೇ ನೀವು ಇಂಜಿನ್ ಬಿಚ್ಚಿ ಇಟ್ಟಿದ್ದೀರಿ. ಬಿಚ್ಚಿದ್ದಕ್ಕೆ 6,500 ರೂಪಾಯಿ ಕೊಡಬೇಕು, ಕೊಟ್ಟು ಒಯ್ಯುವವರೆಗೆ ದಿನಕ್ಕೆ 300 ರೂಪಾಯಿ ಜಾಗದ ಬಾಡಿಗೆ ಅಂದಿರಿ. ಬಾಡಿಗೆಯ ವಿಷಯ ಯಾವ ಕಾಗದದಲ್ಲಿದೆ ಅಂತ ಕೇಳಿದರೆ ಮ್ಯಾನೇಜರ್ ರಜೆಯಲ್ಲಿದ್ದಾರೆ, ಬಂದ ಮೇಲೆ ಮಾತಾಡಿ ಅಂದರು. ನೀವು ಬರುವುದನ್ನು ಕಾಯುತ್ತಾ ಹತ್ತು ದಿನ ಹೋಯಿತು.

ಆಮೇಲೆ ಜುಲೈ 16 ಬಂತು. ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿತ್ತು. ಚಾ ಅಂಗಡಿಯ ಮನೆಯವರು, ಲಾರಿಯವರು, ನದಿಯ ಆಚೆ ದಡದ ಉಳುವರೆಯವರು, ಎಷ್ಟು ಜೀವ ಹೋಯಿತು. ಗಂಗಾವಳಿಯಲ್ಲಿ ಹುಡುಕಾಟ ವಾರಗಟ್ಟಲೆ ನಡೆಯಿತು. ಅಂಥ ಹೊತ್ತಿನಲ್ಲಿ ನನ್ನ ಗಾಡಿಯ ಚಿಂತೆ ನನಗೇ ಸಣ್ಣದಾಗಿ ಕಂಡಿತು. ಕುಮಟಾ–ಅಂಕೋಲಾ ನಡುವೆ ಹೆದ್ದಾರಿ ಬಂದ್. ನಿಮ್ಮ ವರ್ಕ್‌ಶಾಪ್ ಶಿರೂರಿನ ಆಚೆ, ನಾನು ಈಚೆ. ಫೋನ್ ಮಾಡಿ, ರಸ್ತೆ ತೆರೆಯುವವರೆಗಾದರೂ ಬಾಡಿಗೆ ಬಿಡಿ ಅಂತ ಕೇಳಿಕೊಂಡೆ. ಯಲ್ಲಾಪುರ ಸುತ್ತಿ ಬನ್ನಿ, ಅರಬೈಲ್ ಘಟ್ಟ ತೆರೆದೇ ಇದೆ ಅಂತ ಉತ್ತರ ಬಂತು.

ಸುತ್ತಿ ಬಂದೆ. ಜುಲೈ 28ಕ್ಕೆ ಶಿರಸಿಯಿಂದಲೇ ಟೋಯಿಂಗ್ ಗಾಡಿ ಮಾಡಿಕೊಂಡು, 7,500 ರೂಪಾಯಿ ಕೊಟ್ಟು, ಆ ಮಳೆಯಲ್ಲಿ ಅರಬೈಲ್ ಇಳಿದು, ಮತ್ತೆ ಹತ್ತಿದೆ. ನೀವು 22 ದಿನದ ಬಾಡಿಗೆ 6,600 ರೂಪಾಯಿ, ಬಿಚ್ಚಿದ್ದಕ್ಕೆ 6,500, ಒಟ್ಟು 13,100 ರೂಪಾಯಿ ಎಣಿಸಿಕೊಂಡಿರಿ. ಅದರಲ್ಲಿ 12 ದಿನ ಗುಡ್ಡ ಬಿದ್ದ ಮೇಲಿನದು. ತಕರಾರು ಇಟ್ಟುಕೊಂಡೇ ಹಣ ಕೊಡುತ್ತಿದ್ದೇನೆ ಅಂತ ಬಿಲ್ಲಿನ ಮೇಲೆ ಕೈಯಾರೆ ಬರೆದು ಸಹಿ ಮಾಡಿದ್ದೇನೆ. ನಿಮ್ಮ ಪ್ರತಿಯಲ್ಲೂ ಅದಿದೆ. ಬಿಚ್ಚಿದ ಇಂಜಿನ್ನಿನ ಬೋಲ್ಟುಗಳನ್ನು ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಹಿಂದಿನ ಸೀಟಿನಲ್ಲಿ ಇಟ್ಟಿದ್ದಿರಿ.

ಶಿರಸಿಯಲ್ಲಿ ನಮಗೆ ಪರಿಚಯದ ಮೆಕ್ಯಾನಿಕ್ ಒಬ್ಬರಿದ್ದಾರೆ. ಬೋರ್ಡಿಲ್ಲದ ಗ್ಯಾರೇಜು, ಒಬ್ಬ ಸಹಾಯಕ. ವಾರಂಟಿ ಹೋಗುತ್ತದೆ ಅನ್ನುವ ಹೆದರಿಕೆಗೆ ಮೂರು ವರ್ಷ ಅವರಿಗೆ ಬಾನೆಟ್ ಎತ್ತಲೂ ಬಿಟ್ಟಿರಲಿಲ್ಲ. ಅವರು ಮೊದಲು ಪಿಸ್ಟನ್, ಬೋರು ನೋಡಿದರು. ಹೊಸದರ ಹಾಗಿದೆ ಹೆಗಡೇರೆ, ಇದಕ್ಕೆ ಯಾಕೆ ಅರ್ಧ ಇಂಜಿನ್ ಅಂದರು. ಗ್ಯಾಸ್ಕೆಟ್ ಹಾಕಿ, ಹೆಡ್ ಮತ್ತೊಮ್ಮೆ ಫೇಸಿಂಗ್ ಮಾಡಿಸಿ ಜೋಡಿಸಿದರು. ಅದಕ್ಕೆ 14,200 ರೂಪಾಯಿ. ಆಮೇಲೆ ಅವರು ಮಾಡಿದ್ದನ್ನು ನೀವು ಗಮನವಿಟ್ಟು ಓದಬೇಕು.

ಇಂಜಿನ್ ಚಾಲೂ ಮಾಡಿ ಗಾಡಿಯನ್ನು ನಿಂತಲ್ಲೇ ಬಿಟ್ಟರು. ಎಲೆ ಅಡಿಕೆಯ ಕವಳ ಹಾಕಿಕೊಂಡು ಎದುರಿಗೆ ಒಂದು ಸ್ಟೂಲಿನ ಮೇಲೆ ಕೂತರು. ಏನೂ ಮಾಡಲಿಲ್ಲ, ಸುಮ್ಮನೆ ನೋಡುತ್ತಾ ಕೂತರು. ಇಪ್ಪತ್ತು ನಿಮಿಷ ಆಗುವಷ್ಟರಲ್ಲಿ ಎದ್ದು ಬಂದ್ ಮಾಡಿದರು. ಫ್ಯಾನ್ ತಿರುಗಲೇ ಇಲ್ಲ ನೋಡಿ ಅಂದರು.

ರೇಡಿಯೇಟರ್ ಹಿಂದಿನ ಫ್ಯಾನಿಗೆ ಕರೆಂಟ್ ಒಯ್ಯುವ ಪ್ಲಗ್ಗನ್ನು ಬಿಚ್ಚಿ ತೋರಿಸಿದರು. ಒಳಗಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಕರಾವಳಿಯ ಉಪ್ಪು ಗಾಳಿ, ಘಟ್ಟದ ಮಳೆ, ಎರಡರಲ್ಲೂ ಓಡುವ ಗಾಡಿ ಇದು. ಒಮ್ಮೆ ಕರೆಂಟ್ ಹೋಗುತ್ತದೆ, ಒಮ್ಮೆ ಹೋಗೋದಿಲ್ಲ. ಬಯಲಲ್ಲಿ ಓಡುವಾಗ ಎದುರು ಗಾಳಿಯೇ ರೇಡಿಯೇಟರನ್ನು ತಣ್ಣಗಿಡುತ್ತದೆ, ಫ್ಯಾನ್ ತಿರುಗದಿದ್ದರೂ ನಡೆಯುತ್ತದೆ. ಘಟ್ಟದಲ್ಲಿ ಇಪ್ಪತ್ತರ ವೇಗ, ಎರಡನೇ ಗೇರು, ಏಳು ಜನ. ಇಂಜಿನ್ನಿಗೆ ಕೆಲಸ ಜಾಸ್ತಿ, ಗಾಳಿ ಇಲ್ಲ. ಆಗ ಫ್ಯಾನೇ ಗತಿ. ಅದು ತಿರುಗದಿದ್ದರೆ ನೀರು ಕುದಿಯುತ್ತದೆ, ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ. ಈ ಗಾಡಿಯಲ್ಲಿ ಎಸಿಗೂ ರೇಡಿಯೇಟರಿಗೂ ಅದೊಂದೇ ಫ್ಯಾನ್. ನಿಂತಾಗ ಎಸಿ ತಂಪು ಯಾಕೆ ಹೋಗುತ್ತಿತ್ತು ಅಂತ ಈಗ ನಿಮಗೂ ಗೊತ್ತಾಯಿತಲ್ಲ.

ನೀವು ಮೂರೂ ಸಲ ಗಾಡಿಯ ಕಂಪ್ಯೂಟರಿನಿಂದ ದೋಷ ಓದುವ ಸ್ಕ್ಯಾನರ್ ಹಾಕಿದಿರಿ, ಏನೂ ದೋಷ ತೋರಿಸಲಿಲ್ಲ ಅಂದಿರಿ. ಇದನ್ನೂ ಅವರನ್ನು ಕೇಳಿದೆ. ಫ್ಯಾನ್ ತಿರುಗಲಿ ಅಂತ ಕಂಪ್ಯೂಟರ್ ಅಪ್ಪಣೆ ಕೊಟ್ಟದ್ದು ಸ್ಕ್ಯಾನರಿಗೆ ಕಾಣುತ್ತದೆ, ಫ್ಯಾನ್ ತಿರುಗಿತೋ ಇಲ್ಲವೋ ಅನ್ನೋದು ಈ ಗಾಡಿಯಲ್ಲಿ ಕಣ್ಣಿಗೇ ಕಾಣಬೇಕು ಅಂದರು.

ಹೊಸ ಪ್ಲಗ್ಗಿಗೆ, ಹಾಕಿದ ಕೂಲಿಗೆ ಸೇರಿ 350 ರೂಪಾಯಿ.

ಆಗಸ್ಟ್‌ನಿಂದ ಇವತ್ತಿನವರೆಗೆ ದೇವಿಮನೆ ಘಟ್ಟವನ್ನು ಹನ್ನೊಂದು ಸಲ ಹತ್ತಿದ್ದೇವೆ. ಎರಡು ಸಲ ಮಣಿಪಾಲಕ್ಕೆ ಹೋಗಿ ಬಂದಿದ್ದೇವೆ. ಕೆಂಪು ದೀಪ ಹತ್ತಿಲ್ಲ. ಎಸಿ ನಿಂತಲ್ಲೂ ತಂಪಾಗಿದೆ. ಆದರೂ ಕತಗಾಲ ದಾಟಿದ ಕೂಡಲೇ ಆಯಿಯ ಕಣ್ಣು ಡ್ಯಾಶ್‌ಬೋರ್ಡಿನ ಮೇಲೆ ಇರುತ್ತದೆ, ಮಾತೇ ಆಡೋದಿಲ್ಲ. ಘಟ್ಟ ಮುಗಿದು ರಾಗಿಹೊಸಳ್ಳಿ ಬಂದ ಮೇಲೆ ಅವಳ ಮಾತು ಶುರು.

ನಾನು ಅಡಿಕೆ ಬೆಳೆಯುವವನು. ಮಳೆಗಾಲದಲ್ಲಿ ಅಡಿಕೆಗೆ ಕೊಳೆ ರೋಗ ಬಂದರೆ ಮರದ ಬುಡದಲ್ಲಿ ಕಾಯಿ ಉದುರಿ ಬೀಳುತ್ತವೆ. ಉದುರಿದ್ದನ್ನು ಹೆಕ್ಕಿ ಬುಟ್ಟಿ ತುಂಬಿದರೆ ಕೊಳೆ ನಿಲ್ಲುತ್ತದೆಯೇ? ಮರ ಹತ್ತಿ ಅಡಿಕೆ ಗೊನೆ ನೋಡಬೇಕು, ಬೋರ್ಡೋ ದ್ರಾವಣ ಹೊಡೆಯಬೇಕು. ನೀವು ಮೂರು ಸಲವೂ ಉದುರಿದ್ದನ್ನು ಹೆಕ್ಕಿದಿರಿ. ಹೆಕ್ಕಿದ್ದಕ್ಕೆ ಕೂಲಿ ತೆಗೆದುಕೊಂಡಿರಿ. ರಿಪೇರಿಗೆ ದುಡ್ಡು ಕೊಡೋದರಲ್ಲಿ ನನಗೆ ಬೇಜಾರಿಲ್ಲ. ನನ್ನ ಬೇಜಾರು ಏನು ಅಂದರೆ, ನೀವು ಊಹೆ ಮಾಡಿದಿರಿ, ಪ್ರತಿ ಊಹೆಗೂ ಬಿಲ್ ಹಾಕಿದಿರಿ, ಊಹೆ ತಪ್ಪಿದಾಗ ತಪ್ಪನ್ನು ನನ್ನ ಮೇಲೆ ಬರೆದಿರಿ.

ನಿಮ್ಮಲ್ಲಿ ಕೆಲಸ ಮಾಡುವ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಒಬ್ಬನಂತೂ ಆ ದಿನ ನನಗೆ ನೀರು ತಂದುಕೊಟ್ಟು ಪಿಸುಮಾತಿನಲ್ಲಿ, "ಸರ್, ನಮಗೆ ದಿನಕ್ಕೆ ಇಷ್ಟು ಗಾಡಿ ಅಂತ ಲೆಕ್ಕ ಇದೆ. ನೋಡ್ತಾ ಕೂತರೆ ಬೈತಾರೆ" ಅಂದ. ಅವನ ಗುರುತು ಹೇಳೋದಿಲ್ಲ, ಹುಡುಕಲೂ ಹೋಗಬೇಡಿ. ಅವನು ಹೇಳಿದ ಲೆಕ್ಕವನ್ನು ಮಾತ್ರ ಸ್ವಲ್ಪ ನೋಡಿ. ಹಾಗೆಯೇ, ಬಿಲ್ಲಿನಲ್ಲಿ ಬಿಡಿಭಾಗಕ್ಕೆ ಆಗಿನ ಶೇ. 28ರಷ್ಟು ಜಿಎಸ್‌ಟಿ ಸೇರಿತ್ತು, ಅದು ನಿಮ್ಮ ಜೇಬಿಗೆ ಹೋಗೋದಲ್ಲ ಅನ್ನೋದೂ ನನಗೆ ಗೊತ್ತಿದೆ.

ಈಗ ನನ್ನ ಬೇಡಿಕೆಗಳು. ಮೂರು ಬಿಲ್ ಸೇರಿ ನಿಮಗೆ 56,430 ರೂಪಾಯಿ ಕೊಟ್ಟಿದ್ದೇನೆ. ಅದರಲ್ಲಿ ರೇಡಿಯೇಟರಿನ 12,500 ರೂಪಾಯಿ ಬಿಟ್ಟುಬಿಡಿ. ಅದಕ್ಕೆ ನಾನು ಫೋನಿನಲ್ಲಿ ಒಪ್ಪಿದ್ದೆ, ಹೊಸದು ನನ್ನ ಗಾಡಿಯಲ್ಲೇ ಇದೆ. ಉಳಿದ 43,930 ರೂಪಾಯಿ ವಾಪಸ್ ಕೊಡಬೇಕು. ಮೊದಲ ರಿಪೇರಿಯ 23,460 ರೂಪಾಯಿ ವಾರಂಟಿಯಲ್ಲಿ ಬರಬೇಕಿತ್ತು. ಫ್ಯಾನಿನ ವೈರಿಂಗ್ ಗಾಡಿಯ ಭಾಗವೇ, ಅದು ಕೆಟ್ಟದ್ದಕ್ಕೆ ನಾನು ಹೇಗೆ ಹೊಣೆ? ಎರಡನೇ ಬಿಲ್ಲಿನಲ್ಲಿ ಒಪ್ಪಿಗೆ ಕೇಳದೆ ಏರಿಸಿದ್ದು 7,370 ರೂಪಾಯಿ. ಮೂರನೆಯದು ಪೂರ್ತಿ 13,100 ರೂಪಾಯಿ. ಕೇಳದೆ ಬಿಚ್ಚಿದ್ದಕ್ಕೆ ಕೂಲಿ ಇಲ್ಲ, ಬರಹದಲ್ಲಿ ಇಲ್ಲದ ಬಾಡಿಗೆಯೂ ಇಲ್ಲ. ಎಸಿ ಗ್ಯಾಸಿನ 1,850, ಟೋಯಿಂಗಿನ 7,500, ಶಿರಸಿಯಲ್ಲಿ ಕೊಟ್ಟದ್ದು, ಇದ್ಯಾವುದನ್ನೂ ಈ ಲೆಕ್ಕಕ್ಕೆ ಸೇರಿಸಿಲ್ಲ. ಮಾತಿನಲ್ಲಿ ಮುಗಿಯೋದಾದರೆ ಅದನ್ನು ನಾನೇ ನುಂಗಿಕೊಳ್ಳುತ್ತೇನೆ.

ದುಡ್ಡಿಗಿಂತ ನನಗೆ ಜಾಸ್ತಿ ಚುಚ್ಚುತ್ತಿರೋದು ಆ ಸೂಜಿಯ ಸಾಲು. ನಿಮ್ಮ ಕಂಪ್ಯೂಟರಿನಲ್ಲಿ ನನ್ನ ಗಾಡಿಯ ದಾಖಲೆಯ ಪಕ್ಕ ಅದು ಇವತ್ತೂ ಇದೆ. ನಾಳೆ ಗಾಡಿ ಮಾರಲು ಹೋದರೆ ಕೊಳ್ಳುವವರು ಅದನ್ನೇ ಓದುತ್ತಾರೆ. ಅದನ್ನು ತಿದ್ದಿ, ತಿದ್ದಿದ ಪ್ರತಿಯನ್ನು ನನಗೆ ಕಳಿಸಬೇಕು.

ಇನ್ನು ನನ್ನೊಬ್ಬನಿಗಲ್ಲದೆ ನಿಮ್ಮಲ್ಲಿಗೆ ಬರುವ ಎಲ್ಲರಿಗೂ ಬೇಕಾದದ್ದು. ಜಾಬ್ ಕಾರ್ಡ್ ಮತ್ತು ಎಸ್ಟಿಮೇಟ್ ಕನ್ನಡದಲ್ಲೂ ಇರಲಿ. ಕದ್ರಾದಿಂದ, ಹಿಲ್ಲೂರಿನಿಂದ, ಗೋಕರ್ಣದಿಂದ ಬರುವವರೆಲ್ಲರ ಮನೆಯಲ್ಲೂ ಇಂಗ್ಲಿಷ್ ಓದಿ ಹೇಳುವ ಮಗಳು ಇರೋದಿಲ್ಲ. ಹೇಳಿದ ಮೊತ್ತಕ್ಕಿಂತ ಜಾಸ್ತಿ ಆಗೋದಾದರೆ ಮೊದಲು ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಈಗ ವಾಟ್ಸಾಪ್ ಇದೆ, ಎರಡು ನಿಮಿಷದ ಕೆಲಸ. ಬದಲಾಯಿಸಿದ ಹಳೆಯ ಭಾಗವನ್ನು ಗ್ರಾಹಕರಿಗೆ ತೋರಿಸದೆ ಗುಜರಿಗೆ ಹಾಕಬೇಡಿ. ಬಿಸಿಯಾಗುತ್ತದೆ ಅಂತ ಬಂದ ಗಾಡಿಯನ್ನು ಹೆದ್ದಾರಿಯಲ್ಲಿ ಓಡಿಸಿ ಕಳಿಸಬೇಡಿ, ನಿಂತಲ್ಲೇ ಇಪ್ಪತ್ತು ನಿಮಿಷ ಚಾಲೂ ಇಟ್ಟು ನೋಡಿ. ಅರ್ಧ ಜಿಲ್ಲೆ ಘಟ್ಟದ ಮೇಲಿದೆ ಮಾರಾಯ್ರೇ, ನಿಮ್ಮ ಗಿರಾಕಿಗಳಲ್ಲಿ ಎಷ್ಟೋ ಜನ ದಿನಾ ಹತ್ತಿ ಇಳಿಯುವವರು.

ಈ ಪತ್ರ ಕಂಡ ದಿನದಿಂದ ಹದಿನೈದು ದಿನ ಕಾಯುತ್ತೇನೆ. ಆಮೇಲೆ 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ಬರೆಸುತ್ತೇನೆ. ಅಲ್ಲೂ ಆಗದಿದ್ದರೆ ಕಾರವಾರದ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕೊಡಲು ಎರಡು ವರ್ಷದ ಅವಧಿ ಇದೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ, ನಮ್ಮ ವ್ಯಾನಿನ ಬೆಲೆಗೆ ಸ್ವಲ್ಪ ಶುಲ್ಕ ಬರಬಹುದು, ಬರಲಿ. ವಕೀಲರೇ ಬೇಕು ಅಂತಿಲ್ಲ. ಬಿಲ್ಲುಗಳು, ಸ್ವೀಕೃತಿ ಕಾರ್ಡು, ಕಿಲುಬು ಹಿಡಿದ ಆ ಪ್ಲಗ್ಗು, ಎಲ್ಲ ಒಂದು ಡಬ್ಬದಲ್ಲಿ ಇಟ್ಟಿದ್ದೇನೆ. ಅಡಿಕೆ ಕೊಯ್ಲಿನ ದಿನಗಳಲ್ಲಿ ಕಾರವಾರಕ್ಕೆ ಓಡಾಡಲು ನನಗೂ ಇಷ್ಟ ಇಲ್ಲ. ಆದರೆ ಗಾಡಿ ಈಗ ಚೆನ್ನಾಗಿ ಓಡುತ್ತಿದೆ, ಬರಬಲ್ಲೆ.

ಕೊನೆಗೆ ಒಂದು ಸಣ್ಣ ಕೋರಿಕೆ. ನನ್ನ ಹಳೆಯ ರೇಡಿಯೇಟರ್ ನಿಜವಾಗಿಯೂ ಗುಜರಿಗೆ ಹೋಗಿದ್ದರೆ ಬಿಡಿ. ಇನ್ನೂ ನಿಮ್ಮ ಹಿತ್ತಲಿನಲ್ಲಿ ಎಲ್ಲಾದರೂ ಬಿದ್ದಿದ್ದರೆ ಎಸೆಯಬೇಡಿ. ಒಳಗೆ ಎಷ್ಟು ಕಟ್ಟಿಕೊಂಡಿದೆ ಅಂತ ನೀರು ಬಿಟ್ಟು ನೋಡಬೇಕು. ನೀವು ಹೇಳಿದ ದಿನ ನಾನೇ ಬಂದು ಒಯ್ಯುತ್ತೇನೆ.

ಇತಿ,
ನಿಮ್ಮ ಗ್ರಾಹಕ,
ಶಿರಸಿ ತಾಲೂಕಿನ ಅಡಿಕೆ ಬೆಳೆಗಾರ